ಕರಗುವ ಹಿಮದ ಲೆಕ್ಕ ನಮ್ಮ ರಾಜಕಾಲುವೆಗೂ ಬರಲಿ

ಬೆಂಗಳೂರಿನ ಕುಡಿಯುವ ನೀರು, ಮಳೆನೀರು ಕಾಲುವೆ ಮತ್ತು ಕೆರೆಗಳ ಹೊಣೆ ಹೊತ್ತ ಅಧಿಕಾರಿಗಳಿಗೆ ಹಾಗೂ ದಕ್ಷಿಣ ಬೆಂಗಳೂರಿನ ಜನಪ್ರತಿನಿಧಿಗಳಿಗೆ ಬಹಿರಂಗ ಪತ್ರ



ಧ್ರುವಗಳ ಹಿಮ ಕರಗುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಈ ಊರಿನಲ್ಲಿ ಒಂದೇ ಮಾತು. ಮುಳುಗುವುದಾದರೆ ಮಂಗಳೂರು, ಮುಂಬೈ, ಚೆನ್ನೈ ಮುಳುಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ನಮಗೇನು ಚಿಂತೆ? ನಮ್ಮ ಬಡಾವಣೆಯ ಕುಂದುಕೊರತೆ ಸಭೆಯಲ್ಲಿ ನಾನು ಈ ವಿಷಯ ಎತ್ತಿದಾಗ ಎಂಜಿನಿಯರೊಬ್ಬರು ಹೆಚ್ಚುಕಮ್ಮಿ ಇದನ್ನೇ ಹೇಳಿ ಮುಂದಿನ ಅರ್ಜಿ ಕೈಗೆತ್ತಿಕೊಂಡರು. ಅದು ಬೀದಿದೀಪದ ಅರ್ಜಿ. ಆ ಕೆಲಸವೂ ಆಗಬೇಕಾದದ್ದೇ. ಆದರೆ ನನಗೆ ಸಿಕ್ಕ ಉತ್ತರ ತಪ್ಪು. ಆ ತಪ್ಪು ತಿಳಿವಳಿಕೆಯ ಮೇಲೆಯೇ ನಮ್ಮ ನೀರಿನ ಯೋಜನೆಗಳೆಲ್ಲ ನಿಂತಿವೆ ಎಂಬುದು ನನ್ನ ದೂರು.

ಕರಗಿದ ಹಿಮ ಜಯನಗರಕ್ಕೆ ಕಡಲಾಗಿ ಬರಬೇಕಿಲ್ಲ. ನಮ್ಮ ಮುಂಗಾರನ್ನು ಕೆಡಿಸಿದರೆ ಸಾಕು.

ಅದು ಹೇಗೆಂದು ತುಸು ವಿವರಿಸಲು ಅವಕಾಶ ಕೊಡಿ. ಅಟ್ಲಾಂಟಿಕ್ ಸಾಗರದಲ್ಲಿ ಉಷ್ಣವಲಯದ ಬೆಚ್ಚಗಿನ ಉಪ್ಪುನೀರು ಮೇಲ್ಪದರದಲ್ಲಿ ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆಗಳ ಸುತ್ತಲಿನ ಕಡಲು ತಲುಪಿದ ಮೇಲೆ ತನ್ನ ಶಾಖವನ್ನು ಗಾಳಿಗೆ ಬಿಟ್ಟು ತಣ್ಣಗಾಗುತ್ತದೆ, ಭಾರವಾಗುತ್ತದೆ, ಆಳಕ್ಕಿಳಿದು ದಕ್ಷಿಣಕ್ಕೆ ಮರಳುತ್ತದೆ. ವಿಜ್ಞಾನಿಗಳು ಇದನ್ನು ಚುಟುಕಾಗಿ ‘ಅಮಾಕ್’ ಎಂದು ಕರೆಯುತ್ತಾರೆ. ಫ್ಲಾರಿಡಾದಿಂದ ಆಫ್ರಿಕಾದ ಕರಾವಳಿಯವರೆಗೆ ಸಾಗರದಲ್ಲಿ ಉಪಕರಣಗಳನ್ನು ಇಳಿಬಿಟ್ಟು 2004ರಿಂದ ಇದನ್ನು ಅಳೆಯುತ್ತಿದ್ದಾರೆ. ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ನೀರು! ಭೂಮಿಯ ಮೇಲಿನ ಎಲ್ಲ ನದಿಗಳನ್ನೂ ಒಟ್ಟುಗೂಡಿಸಿದರೂ ಇದರ ಹತ್ತನೇ ಒಂದು ಪಾಲು ಆಗದು.

ಈಗ ಗ್ರೀನ್‌ಲ್ಯಾಂಡಿನ ಹಿಮಹಾಸು ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ನಿನಷ್ಟು ಸವೆಯುತ್ತಿದೆ. ಉಪಗ್ರಹಗಳು ಇಪ್ಪತ್ತು ವರ್ಷಗಳಿಂದ ತೂಗಿ ಹೇಳುತ್ತಿರುವ ಲೆಕ್ಕ ಇದು. ಈ ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದು ಮೇಲೆಯೇ ನಿಲ್ಲುತ್ತದೆ, ಆಳಕ್ಕಿಳಿಯಬೇಕಾದ ನೀರು ಇಳಿಯುವುದಿಲ್ಲ, ಹರಿವು ಸೊರಗುತ್ತದೆ. ಹರಿವು ಸೊರಗಿದರೆ ಉತ್ತರಕ್ಕೆ ಹೋಗಬೇಕಾದ ಶಾಖ ದಕ್ಷಿಣದಲ್ಲೇ ಉಳಿಯುತ್ತದೆ. ಭೂಮಧ್ಯರೇಖೆಯ ಆಸುಪಾಸಿನ ಮಳೆಯ ಪಟ್ಟಿಯೂ ಶಾಖವಿರುವ ಕಡೆಗೇ ಸರಿಯುತ್ತದೆ. ಆ ಪಟ್ಟಿ ಪ್ರತಿ ಬೇಸಿಗೆಯಲ್ಲಿ ಉತ್ತರಕ್ಕೆ ಏರಿ ಬರುವುದರಿಂದಲೇ ನಮಗೆ ಮುಂಗಾರು.

ಹಿಂದೆ ಹೀಗೆ ಆದದ್ದೂ ಉಂಟು. ಸುಮಾರು 12,900 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಇದ್ದಕ್ಕಿದ್ದಂತೆ ತಣ್ಣಗಾದಾಗ ಭಾರತದ ಮುಂಗಾರು ಸೊರಗಿತ್ತು. ಮೇಘಾಲಯದ ಮಾವ್‌ಮ್ಲು ಗುಹೆಯ ಸುಣ್ಣದ ಕಂಬಗಳಲ್ಲೂ ಅರಬ್ಬೀ ಸಮುದ್ರದ ತಳದ ಕೆಸರಿನಲ್ಲೂ ಅದರ ಗುರುತು ಸಿಕ್ಕಿದೆ.

ಮುಂದೆ ಈ ಹರಿವು ಯಾವಾಗ, ಎಷ್ಟರಮಟ್ಟಿಗೆ ಸೊರಗೀತು ಎಂಬುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಹೆದರಿಸುವುದು ನನಗೆ ಬೇಡ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರ ವರದಿಯಲ್ಲಿ, ಈ ಶತಮಾನದಲ್ಲಿ ಹರಿವು ಕುಗ್ಗುವ ಸಾಧ್ಯತೆ ಬಹಳ ಹೆಚ್ಚು, ಆದರೆ 2100ರೊಳಗೆ ದಿಢೀರನೆ ಕುಸಿಯಲಾರದು ಎಂದಿತು; ಆ ಎರಡನೆಯ ಮಾತಿಗೆ ಮಾತ್ರ ತನ್ನ ವಿಶ್ವಾಸ ಮಧ್ಯಮ ಮಟ್ಟದ್ದು ಎಂದೂ ಸೇರಿಸಿತು. 2023ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಕುಸಿತ ಈ ಶತಮಾನದ ಮಧ್ಯಭಾಗದಲ್ಲೇ ಆಗಬಹುದು ಎಂದು ಲೆಕ್ಕ ಹಾಕಿದರು. ಹಲವರು ಅದನ್ನು ಒಪ್ಪಲಿಲ್ಲ. 2024ರ ಅಕ್ಟೋಬರಿನಲ್ಲಿ 44 ಮಂದಿ ಹವಾಮಾನ ವಿಜ್ಞಾನಿಗಳು ನಾರ್ಡಿಕ್ ದೇಶಗಳ ಮಂತ್ರಿಗಳಿಗೆ ಬಹಿರಂಗ ಪತ್ರ ಬರೆದು, ಈ ಅಪಾಯವನ್ನು ಇದುವರೆಗೆ ಕಡಿಮೆ ಅಂದಾಜು ಮಾಡಲಾಗಿದೆ ಎಂದರು. ಮರುವರ್ಷವೇ ಐಸ್‌ಲ್ಯಾಂಡ್ ಸರ್ಕಾರ ಇದನ್ನು ರಾಷ್ಟ್ರೀಯ ಭದ್ರತೆಯ ವಿಷಯವೆಂದು ಘೋಷಿಸಿತು. ಆ ದೇಶದ ಜನಸಂಖ್ಯೆ ಸುಮಾರು 4 ಲಕ್ಷ. ನಮ್ಮ ಒಂದೆರಡು ವಿಧಾನಸಭಾ ಕ್ಷೇತ್ರಗಳಷ್ಟು ಜನರಿರುವ ದೇಶದ ಸರ್ಕಾರಕ್ಕೆ ವಿಜ್ಞಾನಿಗಳ ಪತ್ರ ಓದಿ ತೀರ್ಮಾನಕ್ಕೆ ಬರಲು ಒಂದು ವರ್ಷ ಸಾಕಾಯಿತು.

ದಕ್ಷಿಣ ಧ್ರುವದ ಸುದ್ದಿಯೂ ನೆಮ್ಮದಿ ಕೊಡುವಂಥದ್ದಲ್ಲ. ಇಂಗಾಲದ ಹೊಗೆ ಈಗಿನಂತೆ ಮುಂದುವರಿದರೆ ಅಂಟಾರ್ಕ್ಟಿಕದ ಸುತ್ತ ಆಳಕ್ಕಿಳಿಯುವ ಹರಿವು 2050ರ ಹೊತ್ತಿಗೆ ಶೇ 40ರಷ್ಟು ಕುಗ್ಗಬಹುದು ಎಂದು 2023ರ ಅಧ್ಯಯನವೊಂದು ಹೇಳಿದೆ. ಹಿಂದೂ ಮಹಾಸಾಗರದ ತಳಕ್ಕೆ ತಣ್ಣೀರು ಬರುವುದು ಅಲ್ಲಿಂದಲೇ.

ದೇಶಕ್ಕೆ ಇದು ಗೊತ್ತಿಲ್ಲವೆಂದಲ್ಲ. ಅಂಟಾರ್ಕ್ಟಿಕದಲ್ಲಿ 1989ರಿಂದ ಮೈತ್ರಿ, 2012ರಿಂದ ಭಾರತಿ ಕೇಂದ್ರಗಳಿವೆ. ಆರ್ಕ್ಟಿಕ್‌ನಲ್ಲಿ 2008ರಿಂದ ಹಿಮಾದ್ರಿ ಇದೆ. ಅಲ್ಲಿಗೆ 2023ರ ಡಿಸೆಂಬರಿನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ನಮ್ಮದೇ ಊರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು, ಅವರ ಕೆಲಸ ರೇಡಿಯೊ ಅಲೆಗಳ ಅಳತೆಯಾದರೂ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ, ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾದ ವರ್ಷಗಳಿಗೂ ಮಧ್ಯ ಭಾರತದ ಸೆಪ್ಟೆಂಬರ್ ತಿಂಗಳ ಅತಿಮಳೆಗೂ ನಂಟಿರಬಹುದೆಂದು ತೋರಿಸಿದರು. ಇಷ್ಟೆಲ್ಲ ತಿಳಿವಳಿಕೆ ದೇಶದೊಳಗೇ ಇದೆ. ರಾಜಕಾಲುವೆಯ ನಕ್ಷೆ ಬರೆಯುವ ಮೇಜಿಗೆ ಮಾತ್ರ ಅದು ಬರುತ್ತಿಲ್ಲ.

ನಮ್ಮ ಬೀದಿಗಳ ಕಥೆ ನಿಮಗೆ ಗೊತ್ತಿರುವುದೇ. 2023ರಲ್ಲಿ ಎಲ್ ನಿನೊ ಬಂತು, ಕೆಆರ್‌ಎಸ್ ತುಂಬಲಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಕಾವೇರಿಗಾಗಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್ ಆಯಿತು. ಮುಂದಿನ ಮಾರ್ಚ್ ಹೊತ್ತಿಗೆ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಜೆ.ಪಿ. ನಗರದ ಒಳರಸ್ತೆಗಳಲ್ಲಿ ಬೆಳಗಿನ ಜಾವವೇ ಟ್ಯಾಂಕರ್‌ಗಳ ಸದ್ದು. ಹೆಂಗಸರು ಸಂಪಿನ ಮುಚ್ಚಳ ಸರಿಸಿ ಕೋಲು ಇಳಿಸಿ, ಒದ್ದೆಯಾದ ಗುರುತು ನೋಡಿ, ಇವತ್ತು ಬಟ್ಟೆ ಒಗೆಯಬಹುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತು ಮಾಡಿತು. ಆ ದರಕ್ಕೆ ನೀರು ಕೊಡಿ ಎಂದು ಫೋನ್ ಮಾಡಿದರೆ, ಗಾಡಿ ಖಾಲಿ ಇಲ್ಲ ಎಂಬ ಉತ್ತರ ನಮ್ಮ ಬೀದಿಯಲ್ಲಿ ಕೇಳದವರಿಲ್ಲ.

ಒಂದು ವರ್ಷ ಕಳೆಯಿತು ಅಷ್ಟೇ. 2025ರ ಮೇ ತಿಂಗಳಲ್ಲಿ ಒಂದು ರಾತ್ರಿ ಬೆಳಗಾಗುವುದರಲ್ಲಿ 100 ಮಿಲಿಮೀಟರ್ ದಾಟಿ ಮಳೆ ಸುರಿಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ ಹೊಳೆಯಾಯಿತು. ಬಿಟಿಎಂ ಲೇಔಟಿನಲ್ಲಿ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಗೆ ನುಗ್ಗಿದ್ದ ನೀರನ್ನು ಪಂಪ್ ಹಚ್ಚಿ ಹೊರಹಾಕಲು ಹೋಗಿ ಕರೆಂಟ್ ತಗುಲಿ ಇಬ್ಬರು ಸತ್ತರು. ಅವರಲ್ಲಿ ಒಬ್ಬ 12 ವರ್ಷದ ಹುಡುಗ. ಅವನ ಸಾವನ್ನು ಅಂಕಿಸಂಖ್ಯೆಯ ಸಾಲಿಗೆ ಸೇರಿಸಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ, ನಿಮ್ಮಿಂದಲೂ ಆಗಬಾರದು.

ಆ ರಾತ್ರಿಯ ಮಳೆಗೂ ಗ್ರೀನ್‌ಲ್ಯಾಂಡಿನ ಹಿಮಕ್ಕೂ ನಾನು ಗಂಟು ಹಾಕುತ್ತಿಲ್ಲ. ಸಮುದ್ರಗಳು ಬೆಚ್ಚಗಾದಂತೆ ಗಾಳಿ ಹೆಚ್ಚು ನೀರಾವಿ ಹೊತ್ತು ತರುತ್ತದೆ, ಅದು ಬೇರೆಯೇ ಹಾದಿ. ನಾನು ಹೇಳುತ್ತಿರುವುದು ಇಷ್ಟು: ಒಂದು ವರ್ಷದ ಬರವನ್ನೂ ಒಂದು ರಾತ್ರಿಯ ಮಳೆಯನ್ನೂ ತಾಳಲಾರದ ಊರು, ಮುಂಗಾರಿನ ಬುಡವೇ ಅಲುಗಾಡಿದರೆ ಏನು ಮಾಡಬೇಕೆಂದು ಇವತ್ತಿನವರೆಗೆ ಯೋಚಿಸಿದಂತೆ ಕಾಣುವುದಿಲ್ಲ. ಮೋರಿಯ ಅಗಲ, ಆಳವನ್ನು ಹಿಂದಿನ ವರ್ಷಗಳ ಮಳೆಯ ದಾಖಲೆ ನೋಡಿ ನಿಗದಿ ಮಾಡುವುದು ರೂಢಿ. ಕಾವೇರಿ ಐದನೇ ಹಂತದಿಂದ 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಬಂತು, ಸಂತೋಷ. ಕೊಳವೆ ದೊಡ್ಡದಾಯಿತು, ಆದರೆ ಕೊಡಗಿನಲ್ಲಿ ಬೀಳುವ ಮಳೆ ಅದರ ಜತೆಗೆ ಹೆಚ್ಚಾಗುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಮೇಲೆತ್ತಿ ತರುವ ಊರಿಗೆ ಸತತ ಎರಡು ಮುಂಗಾರು ಕೈಕೊಟ್ಟರೆ ಏನು ಗತಿ? ಈ ಪ್ರಶ್ನೆಗೆ ಲಿಖಿತ ಉತ್ತರ ಇದ್ದರೆ ದಯವಿಟ್ಟು ಪ್ರಕಟಿಸಿ, ಇಲ್ಲದಿದ್ದರೆ ತಯಾರಿಸಿ.

ಹಿಂದಿನವರು ಮಳೆಯನ್ನು ನಂಬಿ ಕೂರಲಿಲ್ಲ. ಹುಳಿಮಾವು ತುಂಬಿದರೆ ಅರಕೆರೆಗೆ, ಅಲ್ಲಿಂದ ಮಡಿವಾಳಕ್ಕೆ, ಅಗರಕ್ಕೆ, ಬೆಳ್ಳಂದೂರಿಗೆ ಕೋಡಿ ಹರಿಯುವಂತೆ ಕೆರೆ ಕಟ್ಟಿದರು. ಹೆಚ್ಚು ಮಳೆಗೂ ಕಡಿಮೆ ಮಳೆಗೂ ಒಂದೇ ಏರ್ಪಾಡು. ಆ ಸರಪಣಿಯ ನಡುವೆ ಕಟ್ಟಡ ಎದ್ದಲ್ಲೆಲ್ಲ ಈಗ ನೀರು ನಿಲ್ಲುತ್ತಿದೆ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರಲ್ಲಿ ತೆರವು ಮಾಡಿದಿರಿ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ನಿಮ್ಮದೇ ಕೆಲಸ ಸಾಕ್ಷಿ. ಪಕ್ಕದ ಪುಟ್ಟೇನಹಳ್ಳಿ ಕೆರೆಯನ್ನು ನಿವಾಸಿಗಳೇ ಮುಂದೆ ನಿಂತು ಉಳಿಸಿಕೊಂಡಿದ್ದಾರೆ.

ಆದ್ದರಿಂದ ನಮ್ಮ ಕೋರಿಕೆ. ಇನ್ನು ಮುಂದೆ ದಕ್ಷಿಣ ಬೆಂಗಳೂರಿನಲ್ಲಿ ಯಾವ ರಾಜಕಾಲುವೆ ಕಟ್ಟಿದರೂ, ರಿಪೇರಿ ಮಾಡಿದರೂ, ಮುಂದಿನ ಐವತ್ತು ವರ್ಷಗಳ ಮಳೆಯ ಅಂದಾಜನ್ನು ಹವಾಮಾನ ವಿಜ್ಞಾನಿಗಳಿಂದ ಬರೆಸಿಕೊಂಡು ಟೆಂಡರ್ ಕರೆಯಿರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಮತ್ತು ಮುಂಗಾರನ್ನೇ ಅಧ್ಯಯನ ಮಾಡುವ ವಿಭಾಗವಿದೆ, ಕೇಳಲು ದೂರ ಹೋಗಬೇಕಿಲ್ಲ. ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ಹರಿಸುವ ಕೆಲಸ ಬರಗಾಲದ ತುರ್ತಾಗದೆ ಪ್ರತಿ ವರ್ಷದ ಕೆಲಸವಾಗಲಿ. ಮಳೆನೀರು ಕೊಯ್ಲು 2009ರಲ್ಲೇ ಕಡ್ಡಾಯವಾಯಿತು, ಆದರೆ ನಮ್ಮ ರಸ್ತೆಯ ಎಷ್ಟೋ ಮನೆಗಳ ತಾರಸಿ ಪೈಪು ಇಂದಿಗೂ ನೇರ ಮೋರಿಗೇ ಬೀಳುತ್ತಿದೆ. ನಮ್ಮ ಕಡೆಯ ಲೋಪವೂ ಇದರಲ್ಲಿದೆ. ಬಂದು ತಪಾಸಣೆ ಮಾಡಿ, ದಂಡ ಹಾಕಿ, ನಾವು ಕಟ್ಟುತ್ತೇವೆ.

ನಗರದ ಹವಾಮಾನ ಕ್ರಿಯಾ ಯೋಜನೆ 2023ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ನಮ್ಮ ವಾರ್ಡುಗಳಿಗೆ ಏನಿದೆ, ಎಷ್ಟು ಆಗಿದೆ ಎಂಬುದನ್ನು ತಿಳಿಗನ್ನಡದಲ್ಲಿ ಹೇಳುವ ಒಂದು ಬಹಿರಂಗ ಸಭೆ ಕರೆಯಿರಿ. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ, ಜಾಗಕ್ಕೆ ಕೊರತೆಯಿಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಸೈನ್ಸ್ ಫೋರಂ ಕಟ್ಟಿ ಸಾಮಾನ್ಯರನ್ನು ವಿಜ್ಞಾನದ ಉಪನ್ಯಾಸಕ್ಕೆ ಕೂರಿಸಿದ ಪ್ರದೇಶ ಇದು. ಸಾಗರದ ಹರಿವು ಜನರಿಗೆ ಅರ್ಥವಾಗುವುದಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಸಭೆ ಮುಂಗಾರು ಆರಂಭವಾಗುವ ಮೊದಲೇ ಆಗಲಿ. ಬಿಟಿಎಂ, ಬನಶಂಕರಿ, ಜೆ.ಪಿ. ನಗರ, ಜಯನಗರಗಳ ನಿವಾಸಿ ಸಂಘಗಳಿಗೆ ಹದಿನೈದು ದಿನ ಮುಂಚೆ ತಿಳಿಸಿ. ರಾಜಕಾಲುವೆಯ ವಿನ್ಯಾಸಕ್ಕೆ ಹಿಡಿದ ಮಳೆಯ ಲೆಕ್ಕವನ್ನೂ ಎರಡು ವರ್ಷದ ಬರಕ್ಕೆ ಮಾಡಿಕೊಂಡ ತಯಾರಿಯನ್ನೂ ಆ ಸಭೆಯಲ್ಲಿ ಕಾಗದದ ಮೇಲೆ ನಮ್ಮ ಕೈಗೆ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಜಯನಗರ 4ನೇ ‘ಟಿ’ ಬ್ಲಾಕಿನ ನಿವಾಸಿ