ಹಿತ್ತಲ ತೋಟ: ಮಡಿಯೊಳಗಿನ ನೆರೆಹೊರೆ

ಕಳೆದ ಸಂಚಿಕೆಯಲ್ಲಿ ಗೊಬ್ಬರದ ಕುಣಿಯ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವು. ಗೊಬ್ಬರ ಕಳಿತು ಸಿದ್ಧವಾದ ಮನೆಗಳಲ್ಲಿ ಮುಂದಿನ ಪ್ರಶ್ನೆ ಏಳುವದು ಸಹಜ: ಇದ್ದ ಅಂಗೈಯಗಲದ ಹಿತ್ತಲಲ್ಲಿ ಹೆಚ್ಚು ಕಾಯಿಪಲ್ಯವನ್ನು ಪಡೆಯುವದು ಹೇಗೆ? ಇದಕ್ಕೆ ಬಹು ಜನರು ಕೊಡುವ ಉತ್ತರವು 'ಒತ್ತಾಗಿ ಹಚ್ಚಿರಿ' ಎಂಬುದು. ಆ ಉತ್ತರವು ತಪ್ಪೆಂಬುದನ್ನು ನಾವು ನಷ್ಟವುಂಡು ಕಲಿತವರು.

ಮೊದಲ ವರ್ಷ ನಾವು ಇಪ್ಪತ್ತು ಬದನೆಯ ಸಸಿಗಳಿಗೆ ತಕ್ಕ ಮಡಿಯಲ್ಲಿ ನಾಲ್ವತ್ತನ್ನು ಹಚ್ಚಿದೆವು. ಒಂದೂವರೆ ತಿಂಗಳವರೆಗೆ ಮಡಿಯು ಕಣ್ಣಿಗೆ ಹಬ್ಬವಾಗಿತ್ತು, ಬಂದವರೆಲ್ಲ ಹೊಗಳಿದರು. ಆಮೇಲೆ ಎಲೆಗೆ ಎಲೆ ತಾಗಿತು. ಗಿಡಗಳು ಬೆಳಕಿಗಾಗಿ ಪೈಪೋಟಿ ನಡೆಸಿ ಸಣಕಲಾಗಿ ಮೇಲಕ್ಕೆ ಎದ್ದವು, ಹೂ ಉದುರಿತು, ಹಿಡಿದ ನಾಲ್ಕು ಕಾಯಿಗಳಲ್ಲಿಯೂ ಹುಳ ಹೊಕ್ಕಿತು. ನೆರೆಮನೆಯವರು ಇಪ್ಪತ್ತೇ ಸಸಿಗಳಿಂದ ಬುಟ್ಟಿ ಬುಟ್ಟಿ ಕಾಯಿ ಕೊಯ್ಯುತ್ತಿದ್ದಾಗ ನಾವು ಚೀಲ ಹಿಡಿದು ಸಂತೆಗೆ ಹೋದೆವು. ಗಿಡದ ಅನ್ನವು ಎಲೆಯ ಮೇಲೆ ಬೀಳುವ ಬಿಸಿಲಿನಿಂದ ಸಿದ್ಧವಾಗುವಂಥದು. ಬಿಸಿಲನ್ನು ತಡೆದ ಮೇಲೆ ಎಷ್ಟು ಗೊಬ್ಬರವನ್ನು ಹಾಕಿದರೂ ಆ ಕೊರತೆಯು ತುಂಬಲಾರದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಗೃಹಸ್ಥರಿಗೆ ಈ ವಿಷಯವು ಕೇವಲ ಹವ್ಯಾಸದ್ದಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಗುಂಟ ನೋಡಿದತ್ತ ಕಬ್ಬು. ನಿಪ್ಪಾಣಿಯ ಹೆಸರಿಗೆ ತಂಬಾಕು ಅಂಟಿಕೊಂಡೇ ಇದೆ. ಹೊಲದಲ್ಲಿ ಹಸಿರಿದ್ದರೂ ಅಡಿಗೆಮನೆಯ ಬುಟ್ಟಿಯು ಬರಿದು. ಕಬ್ಬಿನ ದುಡ್ಡು ವರುಷಕ್ಕೊಮ್ಮೆ ಬಂದರೆ ಕಾಯಿಪಲ್ಯದ ಖರ್ಚು ವಾರವಾರವೂ ಇರುವಂಥದು. 2019ರ ಆಗಸ್ಟ್ ತಿಂಗಳಲ್ಲಿಯೂ 2021ರ ಜುಲೈಯಲ್ಲಿಯೂ ನದಿಗಳು ಉಕ್ಕಿ ರಸ್ತೆ ಸೇತುವೆಗಳು ಮುಳುಗಿದಾಗ, ಪೇಟೆಯಿಂದ ಬರುವ ಕಾಯಿಪಲ್ಯವನ್ನೇ ನಂಬಿದ ಮನೆಗಳ ಪಾಡು ಏನಾಯಿತೆಂಬುದು ವಾಚಕರ ನೆನಪಿನಲ್ಲಿದ್ದೀತು. ಒಬ್ಬ ಮನುಷ್ಯನಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಯವು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗದರ್ಶಿಯಲ್ಲಿ ಹೇಳಿದೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಒಂದು ಹಿತ್ತಲು ಅಷ್ಟನ್ನೆಲ್ಲ ಕೊಡಲಾರದು. ಆದರೆ ತಪ್ಪಲ ಪಲ್ಯದ ಕೊರತೆಯನ್ನಂತೂ ನೀಗಬಲ್ಲದು.

ಹಾಗಾದರೆ ಅಂತರವನ್ನೂ ಬಿಡಬೇಕು, ನೆಲವನ್ನೂ ವ್ಯರ್ಥಮಾಡಕೂಡದು. ಇದು ಹೇಗೆ ಸಾಧ್ಯ? ಉತ್ತರವನ್ನು ನಮ್ಮ ಹಿರಿಯರು ಹೊಲದಲ್ಲಿಯೇ ಬರೆದಿಟ್ಟಿದ್ದಾರೆ. ಅಥಣಿಯ ಕಡೆಯ ಒಣಬೇಸಾಯದಲ್ಲಿ ಸಜ್ಜೆಯ ನಡುವೆ ತೊಗರಿಯ ಸಾಲನ್ನು ಬಿತ್ತುವ ರೂಢಿಯುಂಟು. ಸಜ್ಜೆಯು ಮೂರು ತಿಂಗಳಿಗೆ ಮನೆಗೆ ಬರುವದು. ಅಲ್ಲಿಯವರೆಗೆ ಮೆಲ್ಲಗೆ ಬೆಳೆದ ತೊಗರಿಯು ಆಮೇಲೆ ಕೈಕಾಲು ಚಾಚಿ, ಆಳದ ಬೇರಿನಿಂದ ಉಳಿದ ತೇವವನ್ನು ಹೀರಿ ಬಾಳುವದು. ಹಿಂಗಾರಿ ಜೋಳದ ಹೊಲಕ್ಕೆ ಕುಸುಬಿಯ ಅಂಚು ಕಟ್ಟುವರು: ಮುಳ್ಳಿಗೆ ಅಂಜಿ ದನ ಒಳಗೆ ಬಾರವು, ಎಣ್ಣೆಯ ಕಾಳೂ ಆಯಿತು. ಕಬ್ಬು ಹಚ್ಚಿದ ಮೊದಲ ಮೂರು ತಿಂಗಳು ಸಾಲುಗಳ ನಡುವಿನ ನೆಲವು ಬಯಲಾಗಿಯೇ ಇರುವದರಿಂದ ಜಾಣ ಒಕ್ಕಲಿಗನು ಅಲ್ಲಿ ಉಳ್ಳಾಗಡ್ಡಿ, ಕೊತ್ತಂಬರಿ, ಮೆಂತೆಗಳನ್ನು ತಕ್ಕೊಂಡು ಬಿಡುತ್ತಾನೆ. ಇವೆಲ್ಲವುಗಳಲ್ಲಿ ಅಡಗಿದ ಸೂತ್ರವು ಒಂದೇ: ಹೊತ್ತಿನಲ್ಲಿ, ಎತ್ತರದಲ್ಲಿ, ಬೇರಿನ ಆಳದಲ್ಲಿ ಭೇದವಿದ್ದವರನ್ನು ನೆರೆಯವರನ್ನಾಗಿ ಮಾಡಬೇಕು. ದೊಡ್ಡ ಗಿಡಕ್ಕೆ ಅದರ ಪೂರ್ಣ ಅಂತರವನ್ನು ಕೊಡಬೇಕು. ಅದು ದೊಡ್ಡದಾಗುವವರೆಗೆ ಮಾತ್ರ ಆ ಅಂತರವನ್ನು ಅಲ್ಪಾಯುಷಿಗಳಿಗೆ ಬಾಡಿಗೆಗೆ ಕೊಡಬೇಕು.

ಇದನ್ನು ಹಿತ್ತಲಿಗೆ ಇಳಿಸೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಮಡಿಯನ್ನು ಮಾಡಿರಿ. ಬದನೆಯ ಸಾಲಿನಿಂದ ಸಾಲಿಗೆ ಎರಡೂವರೆ ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ಸಾಲಿಗೆ ಐದರಂತೆ ನಾಲ್ಕು ಸಾಲಿಗೆ ಇಪ್ಪತ್ತು ಸಸಿಗಳಾದವು. ಸಾಲುಗಳ ನಡುವೆ ಮೂರು ಓಣಿಗಳು ಉಳಿದವು. ಬದನೆ ಹಚ್ಚಿದ ದಿನವೇ ಮೊದಲ ಓಣಿಯ ನಟ್ಟನಡುವೆ ಮೆಂತೆಯನ್ನೂ, ಎರಡನೆಯದರಲ್ಲಿ ಮೂಲಂಗಿಯನ್ನೂ, ಮೂರನೆಯದರಲ್ಲಿ ಕೊತ್ತಂಬರಿಯನ್ನೂ ಒಂದೊಂದು ಸಾಲು ಬಿತ್ತಿರಿ. ಕೊತ್ತಂಬರಿಯ ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಇಡಿಯ ಕಾಳು ಮೊಳೆಯುವದು ತಡ. ಮೂಲಂಗಿಯನ್ನು ನಾಲ್ಕು ಅಂಗುಲಕ್ಕೊಂದರಂತೆ ಉಳಿಸಿ ಮಿಕ್ಕವನ್ನು ಎಳೆಯದಿರುವಾಗಲೇ ಕಿತ್ತರೆ ಮೂವತ್ತು ಗಡ್ಡೆಗಳಿಗೆ ಸ್ಥಳವುಂಟು; ಕಿತ್ತ ಎಳೆಯ ಸೊಪ್ಪು ಪಲ್ಯಕ್ಕಾಯಿತು. ಮಡಿಯ ಸುತ್ತಲಿನ ಒಡ್ಡು ನಾಲ್ವತ್ತು ಅಡಿ. ಅದರ ಮೇಲೆ ನಾಲ್ಕು ಅಂಗುಲಕ್ಕೊಂದು ಉಳ್ಳಾಗಡ್ಡಿಯ ಸಸಿಯನ್ನು ಚುಚ್ಚಿದರೆ ನೂರಾ ಇಪ್ಪತ್ತು ಹಿಡಿಯುವವು.

ಈಗ ದಿನಗಳನ್ನು ಎಣಿಸಿರಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಮೆಂತೆ ಕೈಗೆ ಬಂದಿತು. ನಾಲ್ವತ್ತರ ಸುಮಾರಿಗೆ ಕೊತ್ತಂಬರಿ. ನಾಲ್ವತ್ತೈದರ ಸುಮಾರಿಗೆ ಮೂಲಂಗಿ. ಅಷ್ಟರಲ್ಲಿ ಬದನೆಯ ಎಲೆಗಳು ಓಣಿಯನ್ನು ಮುಚ್ಚಲು ಬಂದವು, ಬಾಡಿಗೆಯವರು ಎದ್ದು ಹೋದರು. ಎರಡು ತಿಂಗಳು ದಾಟಿದ ಮೇಲೆ ಬದನೆಕಾಯಿ. ಅದರ ಜೊತೆಯಲ್ಲಿಯೇ ನೂರು ನೂರಿಪ್ಪತ್ತು ದಿನಗಳಿಗೆ ಒಡ್ಡಿನ ಮೇಲಿನ ಉಳ್ಳಾಗಡ್ಡಿ. ಬರಿಯ ಬದನೆಯನ್ನು ಹಚ್ಚಿದವರು ಮೊದಲ ಎರಡು ತಿಂಗಳು ಕಳೆಯನ್ನು ಕೀಳುತ್ತ ಕೂಡ್ರುವರು. ನಿಮ್ಮ ಮನೆಯಲ್ಲಿ ಆ ಅವಧಿಯಲ್ಲಿಯೇ ಮೂರು ಬಗೆಯ ಪಲ್ಯವು ಉಂಡಾಗಿರುವದು.

ಲಾಭವನ್ನು ಅಳೆಯುವದಕ್ಕೂ ಒಂದು ಲೆಕ್ಕವುಂಟು. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಂಥ ಕಡೆಗಳಲ್ಲಿ ಮಿಶ್ರಬೆಳೆಯನ್ನು ಅಭ್ಯಸಿಸಿದ ವಿಜ್ಞಾನಿಗಳು ಬಳಸುವ ಲೆಕ್ಕವಿದು. ಉದಾಹರಣೆಗೆ, ಒಂಟಿಯಾಗಿದ್ದರೆ ಹತ್ತು ಪಾಲು ಕೊಡುತ್ತಿದ್ದ ಬದನೆಯು ನೆರೆಯವರ ಸಂಗಡ ಒಂಬತ್ತೇ ಪಾಲು ಕೊಟ್ಟಿತೆಂದು ಹಿಡಿಯಿರಿ. ನೆರೆಯ ಸೊಪ್ಪುಗಳು ತಮ್ಮದೇ ಇಡಿಯ ಮಡಿಯಲ್ಲಿ ಕೊಡಬಹುದಾದ ಹತ್ತರಲ್ಲಿ ಐದು ಪಾಲು ಕೊಟ್ಟವು. ಒಟ್ಟು ಹದಿನಾಲ್ಕು ಪಾಲಾಯಿತು. ಅಂದರೆ ಬೇರೆ ಬೇರೆಯಾಗಿ ಬೆಳೆದರೆ ಸುಮಾರು ಒಂದೂವರೆ ಮಡಿ ಬೇಡುತ್ತಿದ್ದ ಬೆಳೆಯು ಒಂದೇ ಮಡಿಯಲ್ಲಿ ಬಂದಿತು. ಬದನೆಯು ಒಂದು ಪಾಲು ಕಡಿಮೆ ಕೊಟ್ಟಿತೆಂದು ಮರುಗಬಾರದು, ಕೂಡಿಸಿ ನೋಡಬೇಕು. ಆದರೆ ಮೂಲಂಗಿಯನ್ನು ಕೀಳಲು ತಡಮಾಡಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುವದು.

ಇನ್ನು ಎಚ್ಚರಿಕೆಯ ಮಾತುಗಳು. ಮೆಂತೆ, ಚವಳಿ, ಅವರೆ ಮುಂತಾದ ದ್ವಿದಳಗಳ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಜೀವಾಣುಗಳಿರುತ್ತವೆ. 1888ರಲ್ಲಿ ಹಾಲೆಂಡಿನ ಬೈಯೆರಿಂಕ್ ಎಂಬ ವಿಜ್ಞಾನಿಯು ಇವುಗಳನ್ನು ಬೇರ್ಪಡಿಸಿ ತೋರಿಸಿದನು. ಆದರೆ ಈ ಸಾರದ ಹೆಚ್ಚಿನ ಭಾಗವು ನೆರೆಯ ಗಿಡಕ್ಕೆ ದೊರೆಯುವದು ಬೇರು ನೆಲದಲ್ಲಿ ಕೊಳೆತ ಮೇಲೆಯೇ. ಆದುದರಿಂದ ಮೆಂತೆಯನ್ನು ಸಂತೆಯವರಂತೆ ಬುಡಸಹಿತ ಕೀಳದೆ ನೆಲಮಟ್ಟಕ್ಕೆ ಕೊಯ್ಯಬೇಕು. ಮೂಲಂಗಿಯನ್ನಾದರೋ ಕೀಳಲೇಬೇಕು, ಹಿಂದಿನ ಸಂಜೆ ನೀರು ಹಾಯಿಸಿ, ಮರುದಿನ ಮೆಲ್ಲಗೆ ತಿರುವಿ ಎತ್ತಿದರೆ ಬದನೆಯ ಬೇರಿಗೆ ಧಕ್ಕೆ ತಗಲದು.

ಬದನೆ, ಟೊಮ್ಯಾಟೊ, ಮೆಣಸಿನಗಿಡ, ಆಲೂಗಡ್ಡೆ, ಇವು ಒಂದೇ ಕುಲದವು. ಒಂದರ ರೋಗವು ಇನ್ನೊಂದಕ್ಕೆ ಹತ್ತುವದು. ಇವುಗಳನ್ನು ಪರಸ್ಪರ ನೆರೆಯವರನ್ನಾಗಿ ಮಾಡಬಾರದು, ಒಂದರ ಹಿಂದೆ ಒಂದನ್ನು ಅದೇ ಮಡಿಯಲ್ಲಿ ಹಚ್ಚಲೂಬಾರದು. ಹೀರೆ, ಹಾಗಲ ಮುಂತಾದ ಬಳ್ಳಿಗಳಿಗೆ ಹಿತ್ತಲ ಉತ್ತರದ ಅಂಚಿನಲ್ಲಿ ಚಪ್ಪರ ಹಾಕಬೇಕು. ಹಿಂಗಾರಿಯಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವನಾದುದರಿಂದ ಆಗ ಅವುಗಳ ನೆರಳು ಮಡಿಯ ಮೇಲೆ ಬೀಳದು. ನಮ್ಮ ಎರೆಭೂಮಿಯು ನೀರನ್ನು ಬಿಗಿದಿಡುವಂಥದು. ಮಳೆಗಾಲದಲ್ಲಿ ಮಡಿಯನ್ನು ಗೇಣುದ್ದ ಎತ್ತರಿಸದಿದ್ದರೆ ಎಂಥ ನೆರೆಹೊರೆಯೂ ಕೊಳೆತು ಹೋಗುವದು. ನೀರು ಹೆಚ್ಚಾಗಿ ಸವಳು ಬಿದ್ದ ನೆಲದಲ್ಲಿ ಮೂಲಂಗಿ, ಗಜ್ಜರಿಗಳ ಆಸೆಯನ್ನು ಬಿಟ್ಟು ಪಾಲಕ, ಬೀಟರೂಟುಗಳನ್ನು ಹಾಕುವದು ಲೇಸು.

ಟೊಮ್ಯಾಟೊ ಹಚ್ಚುವವರಿಗೆ ಇನ್ನೊಂದು ನೆರೆಯು ಹಿತಕರವಾದದ್ದು: ಚೆಂಡುಹೂ. ಕಾಯಿಕೊರೆಯುವ ಹುಳದ ಪತಂಗವು ಟೊಮ್ಯಾಟೊಕ್ಕಿಂತ ಚೆಂಡುಹೂವಿನ ಮೊಗ್ಗಿನ ಮೇಲೆ ಮೊಟ್ಟೆಯಿಡಲು ಹೆಚ್ಚು ಆಶಿಸುವದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹದಿನಾರು ಸಾಲು ಟೊಮ್ಯಾಟೊಕ್ಕೆ ಒಂದು ಸಾಲು ಚೆಂಡುಹೂವನ್ನು ಹಚ್ಚಲು ಹೇಳಿದ್ದಾರೆ. ಎರಡೂ ಕೂಡಿಯೇ ಹೂ ಬಿಡಬೇಕಾದುದರಿಂದ ಟೊಮ್ಯಾಟೊ ಸಸಿಯು ಇಪ್ಪತ್ತೈದು ದಿನದ್ದಾದರೆ ಚೆಂಡುಹೂವಿನದು ನಾಲ್ವತ್ತು ದಾಟಿದ್ದಿರಬೇಕು. ಹಿತ್ತಲಿಗಾದರೆ ಮಡಿಯ ಅಂಚಿಗೆ ನಾಲ್ಕೈದು ಗಿಡ ಸಾಕು. ಹುಳ ಹತ್ತಿದ ಮೊಗ್ಗುಗಳನ್ನು ಕಿತ್ತು ನಾಶಮಾಡಿದರಾಯಿತು; ಉಳಿದ ಹೂಗಳು ದಸರೆಗೂ ದೀಪಾವಳಿಗೂ ಬಂದಾವು.

ಈ ತಿಂಗಳ ಕೆಲಸವಿಷ್ಟೇ: ಒಂದು ಮಡಿಯನ್ನು ಮೇಲೆ ಹೇಳಿದಂತೆ ಅಳೆದು ಹಚ್ಚಿರಿ, ಸ್ಥಳವಿದ್ದರೆ ಪಕ್ಕದಲ್ಲಿ ಬರಿಯ ಬದನೆಯ ಇನ್ನೊಂದು ಮಡಿಯನ್ನು ಇಡಿರಿ. ಎರಡರಿಂದಲೂ ಬಂದುದನ್ನು ತೂಗಿ, ದಿನಾಂಕಸಹಿತ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಸಸಿ ಹಚ್ಚುವ ದಿನ ಖಾಲಿ ನೆಲವನ್ನು ಕಂಡು ಮನೆಯ ಹಿರಿಯರು 'ಇನ್ನೂ ಹತ್ತು ಸಸಿ ಹಿಡಿದಾವಲ್ಲ' ಎಂದಾರು. ನಾವೂ ಅದೇ ಮಾತಿಗೆ ಮನಸೋತು ಆ ವರ್ಷ ಚೀಲ ಹಿಡಿದು ಸಂತೆಗೆ ಹೋದವರು. ಉಳಿದ ಹತ್ತು ಸಸಿಗಳನ್ನು ನೆರೆಮನೆಗೆ ಕೊಟ್ಟುಬಿಡಿರಿ.