ಕೊನೆಯ ಮೇಜಿನ ನೀರು

ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೆಲ್ಲ ಓಟದ ಹಬ್ಬ. ಚಳಿಗಾಲ ಬಂತೆಂದರೆ ಸಾಕು, ಒಂದಲ್ಲ ಒಂದು ಊರಿನಲ್ಲಿ ಭಾನುವಾರ ಬೆಳಗ್ಗೆ ರಸ್ತೆಗೆ ಹಗ್ಗ ಕಟ್ಟಿ, ಮೈಕು ಹಾಕಿ, ಗಾಳಿ ತುಂಬಿದ ಕಮಾನು ನಿಲ್ಲಿಸಿ ಹಾಫ್ ಮ್ಯಾರಥಾನ್ ನಡೆಸುತ್ತಾರೆ. 2004ರಲ್ಲಿ ಮುಂಬಯಿಯಲ್ಲಿ, 2008ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಓಟಗಳು ಶುರುವಾದ ಮೇಲೆ ಹಬ್ಬಿದ ಈ ಹುಚ್ಚು ನಮ್ಮಂಥ ಊರುಗಳಿಗೂ ಇಳಿದು ಬಂದಿದೆ. ಇರಲಿ, ಹುಚ್ಚುಗಳಲ್ಲಿ ಇದು ವಾಸಿ. ನಾನೂ ಐವತ್ತು ದಾಟಿದ ಮೇಲೆ ಹಚ್ಚಿಕೊಂಡವಳು. ಮೂರು ಸಲ ನೀರು ಕೊಡುವ ಸ್ವಯಂಸೇವಕಿಯಾಗಿ ನಿಂತಿದ್ದೇನೆ, ಎರಡು ಸಲ ಪೂರ್ತಿ ದೂರ ಓಡಿದ್ದೇನೆ. ಮೇಜಿನ ಎರಡೂ ಕಡೆ ನಿಂತು ನೋಡಿದವಳೆಂಬ ಧೈರ್ಯದಿಂದ ಈಗ ಸಂಘಟಕ ಮಹಾಶಯರ ಮೇಲೆ ಒಂದು ಜಗಳ ತೆಗೆಯುತ್ತಿದ್ದೇನೆ.

ಜಗಳ ಬರೀ ಅರ್ಧ ಗಂಟೆಯದು.

ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. ಇಷ್ಟು ದೂರವನ್ನು ಇಷ್ಟು ಹೊತ್ತಿನೊಳಗೆ ಮುಗಿಸಬೇಕೆಂದು ಒಂದು ಗಡುವು ಇರುತ್ತದೆ, ಅದಕ್ಕೆ ಕಟಾಫ್ ಎನ್ನುತ್ತಾರೆ. ನಾನು ಕಂಡ ಓಟಗಳಲ್ಲಿ ಕೆಲವಕ್ಕೆ ಮೂರೂವರೆ ಗಂಟೆ, ಕೆಲವಕ್ಕೆ ಮೂರೇ ಗಂಟೆ. ಮೇಷ್ಟ್ರ ಬುದ್ಧಿ ನೋಡಿ, ಲೆಕ್ಕ ಹಾಕದೆ ಬಿಡುವುದಿಲ್ಲ. ಮೂರು ಗಂಟೆಯೆಂದರೆ ಕಿಲೋಮೀಟರಿಗೆ 8 ನಿಮಿಷ 32 ಸೆಕೆಂಡು. ಇದು ನಡಿಗೆಯಲ್ಲ, ಓಡಲೇಬೇಕು. ಮೂರೂವರೆ ಗಂಟೆಯಾದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ನಿಮಿಷ. ಸ್ವಲ್ಪ ಓಡಿ, ಸ್ವಲ್ಪ ಬಿರಬಿರನೆ ನಡೆದು, ಮತ್ತೆ ಓಡಿ ಮುಗಿಸಬಹುದು. ಈ ಎರಡು ಅಂಕಿಗಳ ನಡುವೆ ಬರುವವರು ಯಾರೆಂದು ನೀರಿನ ಮೇಜಿನ ಹಿಂದೆ ನಿಂತವರನ್ನು ಕೇಳಿ. ನಲವತ್ತೈದು ದಾಟಿದ ಹೆಂಗಸರು. ಒಂದಿಬ್ಬರು ನಿವೃತ್ತ ಗಂಡಸರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನವರು ನಾವೇ.

ಒಂದು ಊರಿನ ಓಟದಲ್ಲಿ ನನ್ನನ್ನು 17ನೆಯ ಕಿಲೋಮೀಟರಿನ ಮೇಜಿಗೆ ಹಾಕಿದ್ದರು. ಬೆಳಗ್ಗೆ 6ಕ್ಕೆ ಓಟ ಶುರು. ನೀರು ಕೊಡುವುದಕ್ಕೂ ಒಂದು ಕ್ರಮವಿದೆ. ಲೋಟ ಅರ್ಧ ಮಾತ್ರ ತುಂಬಬೇಕು, ಅಂಗೈ ಮೇಲೆ ಇಟ್ಟು ಕೈ ಚಾಚಬೇಕು, ಓಡುವವರ ಜೊತೆ ಎರಡು ಹೆಜ್ಜೆ ತಾವೂ ಹೋಗಬೇಕು. ಬಾಳೆಹಣ್ಣನ್ನು ಸಿಪ್ಪೆಸಮೇತ ಅರ್ಧಕ್ಕೆ ಕತ್ತರಿಸಿಡಬೇಕು. ಬಿದ್ದ ಲೋಟಗಳನ್ನು ಆಗಾಗ ಗುಡಿಸದಿದ್ದರೆ ಹಿಂದೆ ಬಂದವರು ಜಾರಿ ಬೀಳುತ್ತಾರೆ. ನನ್ನ ಜೊತೆಗಿದ್ದವರು ಕಾಲೇಜಿನ ಎನ್.ಎಸ್.ಎಸ್. ಹುಡುಗಿಯರು, ಚುರುಕಾದ ಮಕ್ಕಳು. ಮೊದಲು ಬಂದ ಹುಡುಗರು ನಮ್ಮ ಲೋಟಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಾಣದ ಹಾಗೆ ಬಂದರು, ಹೋದರು. ನಡುವಿನ ಗುಂಪು ಬಂದಾಗ ಮಾತ್ರ ಸಂತೆ.

ಎಂಟೂವರೆಗೆ ಟೆಂಪೋ ಬಂತು. ಮೇಜು ಎತ್ತಿ, ಡ್ರಮ್ ಹೇರಿ ಎಂದರು. ಇನ್ನೂ ಜನ ಬರುವವರಿದ್ದಾರಲ್ಲ ಎಂದೆ. "ಅವರ ಟೈಮ್ ಆಯ್ತು ಮೇಡಂ, ಅವರನ್ನ ವ್ಯಾನಲ್ಲಿ ಹತ್ತಿಸ್ಕೊಂಡು ಬರ್ತಾರೆ" ಎಂದ ಆ ಹುಡುಗ. ಡ್ರಮ್ಮು ಹೋಯಿತು, ಮೇಜೂ ಹೋಯಿತು. ನಾನು, ಇಬ್ಬರು ಹುಡುಗಿಯರು, ನನ್ನ ಚೀಲದಲ್ಲಿದ್ದ ಒಂದು ಬಾಟಲಿ ನೀರು, ಒಂದು ಉಂಡೆ ಬೆಲ್ಲ ಉಳಿದೆವು. 8 ಗಂಟೆ 50 ನಿಮಿಷಕ್ಕೆ ಒಬ್ಬಾಕೆ ಬಂದಳು. ಹತ್ತಿರದ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ, ಚೂಡಿದಾರದ ಮೇಲೆ ಸಂಘಟಕರು ಕೊಟ್ಟ ಬನಿಯನ್ನು. ವ್ಯಾನಿನವರು ಕರೆದರೂ ಹತ್ತಿರಲಿಲ್ಲ. ಹಿಂದಿನ ಮೇಜೂ ಖಾಲಿಯಾಗಿತ್ತಂತೆ. ನೀರು ಕುಡಿದು, ಬೆಲ್ಲ ಬಾಯಿಗೆ ಹಾಕಿಕೊಂಡು, "ಇನ್ನೆಷ್ಟು ದೂರ ಅಕ್ಕಾ?" ಎಂದಳು. ನಾಲ್ಕು ಕಿಲೋಮೀಟರ್ ಎಂದೆ. ತಲೆಯಾಡಿಸಿ ಹೊರಟೇಬಿಟ್ಟಳು.

ಇಲ್ಲಿ ನನ್ನ ಮೊದಲನೆಯ ತಕರಾರು. ಗೆಲ್ಲುವವನು ಒಂದೂಕಾಲು ಗಂಟೆಯಲ್ಲಿ ಮುಗಿಸಿ, ಬಿಸಿಲೇರುವ ಮೊದಲೇ ಉಪ್ಪಿಟ್ಟು ತಿನ್ನುತ್ತಿರುತ್ತಾನೆ. ಕೊನೆಯವಳು ಮೂರು ಗಂಟೆಗೂ ಮೀರಿ ರಸ್ತೆಯಲ್ಲಿರುತ್ತಾಳೆ. ಒಂಬತ್ತರ ಬಿಸಿಲು ಬೀಳುವುದು ಅವಳ ನೆತ್ತಿಯ ಮೇಲೆ. ಬೆವರು ಹೆಚ್ಚು ಹೊತ್ತು ಹರಿಯುವುದೂ ಅವಳದೇ. ಇನ್ನೊಂದು ಮಾತು, ಓಟದಲ್ಲಿ ನೀರು ಕಡಿಮೆಯಾದರೆ ಹೇಗೆ ಅಪಾಯವೋ, ಉಪ್ಪಿಲ್ಲದೆ ಬರೀ ನೀರನ್ನೇ ವಿಪರೀತ ಕುಡಿದರೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತಿ, ವಾಂತಿಯಾಗಿ, ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಇದು ಹೆಚ್ಚಾಗಿ ಕಾಡುವುದು ನಿಧಾನವಾಗಿ ಓಡಿ, ಗಂಟೆಗಟ್ಟಲೆ ಗುಟುಕರಿಸುತ್ತ ಬರುವವರನ್ನೇ. ಹಾಗಾದರೆ ಉಪ್ಪು, ಸಕ್ಕರೆ, ಮುಖ ನೋಡಿ ಮಾತಾಡಿಸುವ ಒಬ್ಬ ಮನುಷ್ಯ, ಇವೆಲ್ಲ ಹೆಚ್ಚು ಬೇಕಾದದ್ದು ಯಾರಿಗೆ? ಅವರು ಬರುವ ಹೊತ್ತಿಗೆ ಸರಿಯಾಗಿ ನಾವು ಅಂಗಡಿ ಮುಚ್ಚಿರುತ್ತೇವೆ. ಅವರು ಕಟ್ಟಿದ ಶುಲ್ಕದಲ್ಲಿ ಒಂದು ರೂಪಾಯಿಯನ್ನಾದರೂ ಬಿಟ್ಟಿದ್ದೇವೆಯೇ?

ಈಗ ನನ್ನ ಎರಡನೆಯ ಓಟದ ಮಾತು. ಅದಕ್ಕೆ ಮೂರು ಗಂಟೆಯ ಗಡುವಿತ್ತು. 18ನೆಯ ಕಿಲೋಮೀಟರಿನ ಹತ್ತಿರ ವ್ಯಾನು ಪಕ್ಕಕ್ಕೇ ಬಂದು, ಹುಡುಗನೊಬ್ಬ ಬಾಗಿಲಿನಿಂದ ನೇತಾಡುತ್ತ "ಆಂಟೀ, ಹತ್ತಿ ಆಂಟೀ, ಸುಮ್ನೆ ಯಾಕೆ ಕಷ್ಟ" ಎಂದು ಸಿಟಿ ಬಸ್ಸಿನ ಕ್ಲೀನರಿನಂತೆ ಕರೆದ. ನನಗೆ ಕಷ್ಟವಾಗುತ್ತಿದೆಯೆಂದು ಹೇಳಿದವರು ಯಾರು? ಉಸಿರು ಸರಿಯಾಗಿತ್ತು, ಕಾಲು ಗಟ್ಟಿಯಿತ್ತು, ನಿಧಾನವಿತ್ತು ಅಷ್ಟೆ. ಓಡಿದೆ. 3 ಗಂಟೆ 6 ನಿಮಿಷಕ್ಕೆ ಮುಟ್ಟಿದಾಗ ಕಮಾನಿನ ಗಾಳಿ ತೆಗೆದಾಗಿತ್ತು. ಶಾಮಿಯಾನದವರು ಕಂಬಳಿ ಸುತ್ತುತ್ತಿದ್ದರು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು "ಮಹಿಳಾ ಸಬಲೀಕರಣ"ದ ಬಗ್ಗೆ ಭಾಷಣ ಮಾಡುತ್ತಿದ್ದರು. ಮೆಡಲಿನ ಪೆಟ್ಟಿಗೆಗೆ ಟೇಪು ಹಚ್ಚಿಯಾಗಿತ್ತು.

"ಇದು ಸ್ಪರ್ಧೆ ಮೇಡಂ, ಮೆರವಣಿಗೆಯಲ್ಲ. ಗಡುವೆಂದರೆ ಎಲ್ಲರಿಗೂ ಒಂದೇ" ಎನ್ನುತ್ತಾರೆ. ಒಂದೇ ಹೇಗಾದೀತು? 21 ಕಿಲೋಮೀಟರ್ ಓಡಲು ಮೂರು ನಾಲ್ಕು ತಿಂಗಳ ಅಭ್ಯಾಸ ಬೇಕು. ದಿನಬಿಟ್ಟು ದಿನ ಸಣ್ಣ ಓಟ, ವಾರಕ್ಕೊಂದು ದೊಡ್ಡ ಓಟ. ಸಣ್ಣದನ್ನು ಹೇಗೋ ಹೊಂದಿಸಬಹುದು. ನಮ್ಮ ಶಾಲೆಯ ಮೈದಾನದ ಒಂದು ಸುತ್ತು 200 ಮೀಟರ್. ಇಪ್ಪತ್ತೈದು ಹುಣಸೆ ಬೀಜ ಮುಷ್ಟಿಯಲ್ಲಿ ಹಿಡಿದು, ಸುತ್ತಿಗೊಂದರಂತೆ ಧ್ವಜಸ್ತಂಭದ ಬುಡದಲ್ಲಿ ಹಾಕುತ್ತ ಬಂದರೆ ಮುಷ್ಟಿ ಖಾಲಿಯಾಗುವ ಹೊತ್ತಿಗೆ 5 ಕಿಲೋಮೀಟರ್. ("ಏನ್ರೀ ಟೀಚರ್, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಎಂದು ಹಾಲಿನವರು ಕೇಳುತ್ತಾರೆ, ಕೇಳಲಿ.) ತೊಡಕಿರುವುದು ದೊಡ್ಡ ಓಟದಲ್ಲಿ. ಅದಕ್ಕೆ ಎರಡು, ಎರಡೂವರೆ ಗಂಟೆ ಬೇಕು. ರಜೆ ಇರುವುದು ಭಾನುವಾರ. ಭಾನುವಾರ ಬೆಳಗ್ಗೆ ಯಾವ ಹೆಂಗಸಿನದು, ಹೇಳಿ? ಎಣ್ಣೆಸ್ನಾನ, ದೋಸೆ, ವಾರದ ಬಟ್ಟೆ, ಅತ್ತೆಯವರ ಔಷಧಿ, ಮಧ್ಯಾಹ್ನಕ್ಕೆ ನೆಂಟರು. ಗಂಡಸು ಐದಕ್ಕೆ ಹೊರಟು ಎಂಟಕ್ಕೆ ಬಂದರೆ "ಪಾಪ, ಆರೋಗ್ಯ ನೋಡ್ಕೊಳ್ತಾರೆ" ಎನ್ನುವ ಕಟ್ಟೆಯ ಜನ, ನಾನು ಹಾಗೆ ಬಂದರೆ ನಮ್ಮ ಮನೆಯವರನ್ನು ಕಂಡು "ತಿಂಡಿ ಆಯ್ತಾ ಸಾರ್?" ಎಂದು ಮರುಕಪಡುತ್ತಾರೆ. ನಮ್ಮ ಮನೆಯವರು ದೋಸೆ ಹುಯ್ಯುವುದನ್ನು ಕಲಿತದ್ದು ಹೋದ ವರ್ಷ. ಪರವಾಗಿಲ್ಲ, ಅಂಚು ಸೀಯುವುದು ಈಗ ಕಡಿಮೆಯಾಗಿದೆ.

ಆದ್ದರಿಂದ ನಾನು ಹೇಳುವುದು, ಆ ಮೂರು ಗಂಟೆಯ ಗಡಿಯಾರ ಅಳೆಯುತ್ತಿರುವುದು ಯಾರ ಕೈಯಲ್ಲಿ ಎಷ್ಟು ಭಾನುವಾರಗಳಿದ್ದವು ಎಂಬುದನ್ನು. ಅಂಗನವಾಡಿಯ ಆ ಹೆಣ್ಣುಮಗಳಿಗೆ ಹದಿನಾರು ಭಾನುವಾರ ಕೊಟ್ಟು ನೋಡಿ, ಆಮೇಲೆ ಗಡುವಿನ ಮಾತಾಡೋಣ.

ಹೆಂಗಸರ ಓಟಕ್ಕೆ ಹಗ್ಗ ಅಡ್ಡ ಹಿಡಿಯುವುದು ಹೊಸ ಚಾಳಿಯೇನೂ ಅಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹೆಂಗಸರು 800 ಮೀಟರ್ ಓಡಿದರು. ಪತ್ರಿಕೆಗಳು ಅವರು ಕುಸಿದು ಬಿದ್ದರೆಂದು ಉತ್ಪ್ರೇಕ್ಷೆ ಮಾಡಿ ಬರೆದವು. ಸರಿ, 1960ರ ರೋಮ್ ಒಲಿಂಪಿಕ್ಸಿನವರೆಗೆ 200 ಮೀಟರಿಗಿಂತ ಹೆಚ್ಚಿನ ಓಟ ಹೆಂಗಸರಿಗೆ ಇಲ್ಲವೆಂದಾಯಿತು. 1966ರಲ್ಲಿ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಹಾಕಿ ತಿರಸ್ಕಾರ ಪಡೆದು, ಪೊದೆಯಲ್ಲಿ ಅಡಗಿದ್ದು, ನಂಬರಿಲ್ಲದೆಯೇ ಓಡಿ ಮುಗಿಸಿದಳು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ನಂಬರು ಪಡೆದು ಓಡಿದಾಗ ಸಂಘಟಕರೊಬ್ಬರು ನಡುರಸ್ತೆಯಲ್ಲೇ ಮೇಲೆ ಬಿದ್ದು ಆ ನಂಬರನ್ನು ಕಿತ್ತುಕೊಳ್ಳಲು ಹೋದರು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಗೆದ್ದವಳು ಅಮೆರಿಕದ ಜೋನ್ ಬೆನೊಯಿಟ್. ಆದರೆ ನಾನು ನೆನೆಯುವುದು 37ನೆಯವಳಾಗಿ ಬಂದ ಸ್ವಿಟ್ಜರ್‌ಲೆಂಡಿನ ಗಾಬ್ರಿಯೇಲಾ ಆ್ಯಂಡರ್ಸನ್‌ಳನ್ನು. ಸೆಕೆಗೆ ಬಳಲಿ, ಒಂದು ಕಡೆಗೆ ವಾಲಿಕೊಂಡು ಕ್ರೀಡಾಂಗಣಕ್ಕೆ ಬಂದಳು. ವೈದ್ಯರು ಪಕ್ಕದಲ್ಲೇ ನಡೆದರು, ಮೈ ಬೆವರುತ್ತಿದೆಯೆಂಬುದನ್ನು ಗಮನಿಸಿ ತಡೆಯದೆ ಬಿಟ್ಟರು. ಕೊನೆಯ ಸುತ್ತಿಗೆ ಐದು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಇಡೀ ಕ್ರೀಡಾಂಗಣ ಎದ್ದು ನಿಂತು ಕಾದಿತು. ಅಲ್ಲಿದ್ದವರಿಗೆ ಕಂಬಳಿ ಸುತ್ತುವ ಅವಸರವಿರಲಿಲ್ಲ.

ಕಾಯಿಲೆಯಾದವರನ್ನು ನಿಲ್ಲಿಸಬೇಡಿ ಎನ್ನುತ್ತಿಲ್ಲ ನಾನು. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ದಿಕ್ಕು ತಿಳಿಯದಾದರೆ ಖಂಡಿತ ವ್ಯಾನಿಗೆ ಹತ್ತಿಸಿ. ನಿಧಾನಕ್ಕೂ ಕಾಯಿಲೆಗೂ ವ್ಯತ್ಯಾಸ ಗೊತ್ತಿರುವವರನ್ನು ಆ ವ್ಯಾನಿನಲ್ಲಿ ಕೂರಿಸಿ ಎನ್ನುತ್ತಿದ್ದೇನೆ.

"ಹೆಂಗಸರಿಗೆ ಬೇರೆ ಮಾಡಿದ್ದೇವಲ್ಲ, ಸೀರೆ ಓಟ!" ಎನ್ನುವವರೂ ಇದ್ದಾರೆ. ಮಾರ್ಚ್ 8 ಬಂದರೆ 3 ಕಿಲೋಮೀಟರ್, ಹೂವು, ಕುಂಕುಮ, ಒಂದು ಕೈಚೀಲ, ಪೇಪರಿಗೆ ಫೋಟೋ. ಬೇಕಾದವರು ಓಡಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ 2013ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಅರವತ್ತು ದಾಟಿದ ಲತಾ ಕರೆ ಎಂಬಾಕೆ ಒಂಬತ್ತು ಗಜದ ಸೀರೆಯಲ್ಲಿ ಬರಿಗಾಲಲ್ಲಿ ಓಡಿ ಗೆದ್ದದ್ದು ಗಂಡನ ಚಿಕಿತ್ಸೆಯ ದುಡ್ಡಿಗಾಗಿ. ಆಕೆಗೆ ಸೀರೆ ಅಲಂಕಾರವಾಗಿರಲಿಲ್ಲ. ನಮಗೆ ಕೈಚೀಲ ಬೇಡ. 21 ಕಿಲೋಮೀಟರ್ ದಾರಿಯಲ್ಲಿ ಬಾಗಿಲಿಗೆ ಚಿಲಕವಿರುವ ಮೂರು ಶೌಚಾಲಯ ಕೊಡಿ. ಎರಡು ಹೆರಿಗೆ ಕಂಡ ದೇಹಕ್ಕೆ ಅದರ ಬೆಲೆ ಗೊತ್ತು.

ಪೊಲೀಸರು ರಸ್ತೆ ಬಿಡಿಸಬೇಕು, ಬಸ್ಸು ಓಡಬೇಕು ಎಂಬುದು ಮಾತ್ರ ಒಪ್ಪತಕ್ಕ ಮಾತು. ಅದಕ್ಕೂ ದಾರಿಯಿದೆ. ನಿಧಾನದವರನ್ನು ಅರ್ಧ ಗಂಟೆ ಮೊದಲೇ ಬಿಡಿ, ಐದೂವರೆಗೆ. ಆಗ ಕತ್ತಲಿರುತ್ತದೆ, ಮೊದಲ ಎರಡು ಮೂರು ಕಿಲೋಮೀಟರಿಗೆ ದೀಪ ಬೇಕು, ಒಬ್ಬಿಬ್ಬರು ಮಹಿಳಾ ಪೊಲೀಸರು ಬೇಕು. ಅಷ್ಟು ಆಗದಿದ್ದರೆ ಮೂರು ಗಂಟೆಯ ನಂತರ ರಸ್ತೆ ತೆರೆಯಿರಿ, ನಾವು ಫುಟ್‌ಪಾತಿನ ಮೇಲೆ ಬರುತ್ತೇವೆ. ಫುಟ್‌ಪಾತ್ ಇರುವ ಕಡೆ, ಎನ್ನಿ. ಮೇಜು ಮಾತ್ರ ಎತ್ತಬೇಡಿ.

ಹೆಸರು ಕೊಡುವ ಮೊದಲು ನೀವೂ ಎರಡು ಪ್ರಶ್ನೆ ಕೇಳಿ: ಗಡುವು ಎಷ್ಟು? ಕೊನೆಯ ಮೇಜು ಎಷ್ಟು ಹೊತ್ತಿನವರೆಗೆ? ಹತ್ತು ಜನ ಕೇಳಿದರೆ ಅವರಿಗೆ ಯೋಚನೆ ಹತ್ತುತ್ತದೆ. ಮುಂದಿನ ಓಟಕ್ಕೆ ಸ್ವಯಂಸೇವಕಿಯಾಗಿ ಬನ್ನಿ ಎಂದು ನನಗೆ ಈಗಾಗಲೇ ಫೋನು ಬಂದಿದೆ. ಕೊನೆಯ ಮೇಜು ಕೊಡಿ, ಕೊನೆಯ ನಂಬರು ದಾಟುವ ತನಕ ಟೆಂಪೋ ಕಳಿಸಬೇಡಿ, ಹಾಗಿದ್ದರೆ ಬರುತ್ತೇನೆ ಎಂದಿದ್ದೇನೆ. "ನೋಡೋಣ ಮೇಡಂ, ಕಮಿಟೀಲಿ ಇಡ್ತೀವಿ" ಎಂದಿದ್ದಾರೆ. ಇಡಲಿ. ಎರಡು ಡ್ರಮ್ ನೀರು, ಒಂದು ಡಬ್ಬ ಉಪ್ಪು ಸಾಕು ಎಂದು ಕಾಗದದಲ್ಲೂ ಬರೆದು ಕೊಟ್ಟಿದ್ದೇನೆ. ಬೆಲ್ಲ ನಾನೇ ತರುತ್ತೇನೆ.