ಬ್ರಾಹ್ಮಿ ಎಂದರೆ ಯಾವ ಬ್ರಾಹ್ಮಿ?



ಮನೆಮದ್ದಿನ ಲೇಖನಗಳಲ್ಲಿ ಬರೀ ‘ಬ್ರಾಹ್ಮಿ’ ಎಂದು ಬರೆದು ಮುಂದೆ ಹೋಗುವುದು ಸರಿಯಲ್ಲ. ನಮ್ಮ ಮಲೆನಾಡಿನಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ, ತುಳುವರ ತಿಮರೆ. ಸಸ್ಯಶಾಸ್ತ್ರದ ಸೆಂಟೆಲ್ಲಾ ಏಷ್ಯಾಟಿಕಾ. ಆಯುರ್ವೇದದವರು ಇದನ್ನು ಮಂಡೂಕಪರ್ಣಿ ಎನ್ನುತ್ತಾರೆ. ಅವರ ಬ್ರಾಹ್ಮಿ ಬೇರೆಯೇ: ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೆರಿ. ಎರಡೂ ಜೌಗು ನೆಲದಲ್ಲೇ ಹಬ್ಬುತ್ತವೆ, ಎರಡನ್ನೂ ನೆನಪಿನ ಶಕ್ತಿಗೆಂದೇ ಕೊಡುತ್ತಾರೆ.

ಬೆಂಗಳೂರಿನಲ್ಲಿರುವ ನನ್ನ ತಂಗಿ ಊರಿನ ತಂಬುಳಿ ನೆನೆದು ನರ್ಸರಿಯೊಂದರಿಂದ ಬ್ರಾಹ್ಮಿ ತಂದು ನೆಟ್ಟಳು. ಜೀರಿಗೆ, ಕಾಳುಮೆಣಸು, ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಬಾಯಿಗಿಡಲಾಗದಷ್ಟು ಕಹಿ. ಹೋಗಿ ಕುಂಡ ನೋಡಿದಾಗ ತಿಳಿಯಿತು: ದಂಟಿನುದ್ದಕ್ಕೂ ಜೋಡಿಜೋಡಿಯಾಗಿ ದಪ್ಪನೆಯ ಪುಟ್ಟ ಎಲೆ, ತಿಳಿನೇರಳೆ ಹೂವು. ಒಂದೆಲಗಕ್ಕಾದರೆ ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ದುಂಡನೆಯ ಎಲೆ, ಅಂಚಿನಲ್ಲಿ ಕಚ್ಚು. ಹೆಸರೇ ಗುರುತು ಹೇಳುತ್ತದೆ.

ತಂಬುಳಿ ಚೆಲ್ಲಿದರೆ ಮುಗಿಯಿತು. ಅಶೋಕದ ತೊಗಟೆಯ ವಿಷಯ ಹಾಗಲ್ಲ. ಹೆಂಗಸರ ಕಷಾಯಕ್ಕೆ ಬೇಕಾದದ್ದು ಕಿತ್ತಳೆ-ಕೆಂಪು ಹೂಗೊಂಚಲಿನ ಸರಾಕಾ ಅಶೋಕ. ಶಾಲೆ, ಕಚೇರಿಗಳ ಕಾಂಪೌಂಡಿನುದ್ದಕ್ಕೂ ಕಂಬದಂತೆ ನಿಂತಿರುವ ಪಾಲಿಯಾಲ್ಥಿಯಾ ಲಾಂಗಿಫೋಲಿಯಾ ಅಲ್ಲ. ಇದರ ತೊಗಟೆ ಅದರ ಹೆಸರಲ್ಲಿ ಮಾರಾಟವಾಗುವುದು ಹಳೆಯ ಪಿಡುಗು.

ಊರೂರಿನ ಹೆಸರುಗಳು ಉಳಿಯಲಿ, ಅವು ನಮ್ಮ ಅಜ್ಜಿಯರ ಆಸ್ತಿ. ದಯವಿಟ್ಟು ಅವುಗಳ ಪಕ್ಕದಲ್ಲೇ ಸಸ್ಯಶಾಸ್ತ್ರೀಯ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಅಚ್ಚುಮಾಡಿ, ಜೊತೆಗೆ ಎಲೆಯ ಚಿತ್ರವೊಂದಿರಲಿ.

— ಓದುಗಿ, ಸಾಗರ